ದೊಡ್ಡ ಬಾಯಾರ ಬಿಸಿನೀರ ಬಟ್ಟೆ

ಅವರ ಬಲ ಅಂಗೈ ಎಡಗೈಗಿಂತ ಕೆಂಪಗಿತ್ತು. ಬೆರಳ ತುದಿಗಳು ಯಾವಾಗಲೂ ನೀರಲ್ಲಿ ನೆನೆದಂತೆ ಸುಕ್ಕುಗಟ್ಟಿರುತ್ತಿದ್ದವು. ಮೂವತ್ತಕ್ಕೂ ಹೆಚ್ಚು ವರ್ಷ ಬಿಸಿನೀರಿನಿಂದ ಬಟ್ಟೆ ಎತ್ತಿ ಹಿಂಡಿದ ಕೈ ಅದು. ಹಿಂಡಿದ ಬಟ್ಟೆಯನ್ನು ಮೊದಲು ತಮ್ಮ ಮುಂಗೈಯ ಒಳಬದಿಗೆ ಒತ್ತಿ ನೋಡುತ್ತಿದ್ದರು. ಅಲ್ಲಿ ಹಿತವೆನಿಸಿದರೆ ಮಾತ್ರ ಅದು ಹೆರುವವಳ ಮೈಗೆ ಹೋಗುತ್ತಿತ್ತು.

ರಾಯಬಾಗ ತಾಲೂಕಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ಅವರು ಹಿರಿಯ ನರ್ಸು, ನಾನು ಆಗಷ್ಟೇ ಕೆಲಸಕ್ಕೆ ಸೇರಿದವಳು. ನಮ್ಮ ಕಡೆ ನರ್ಸುಗಳನ್ನು ಬಾಯಾರು ಎನ್ನುತ್ತಾರೆ. ಹಾಗಾಗಿ ಊರಿಗೆಲ್ಲ ಅವರು ದೊಡ್ಡ ಬಾಯಾರು, ನಾನು ಸಣ್ಣ ಬಾಯಾರು. ಆ ಹೆಸರು ನನಗೆ ಸರಿಯಾಗಿಯೇ ಇತ್ತು ಎಂದು ತಿಳಿಯುವುದಕ್ಕೆ ನನಗೆ ಬಹಳ ಕಾಲ ಹಿಡಿಯಿತು.

ನಾನು ಕಲಿತು ಬಂದಿದ್ದ ಪಟ್ಟಣದ ಆಸ್ಪತ್ರೆಯಲ್ಲಿ ಮೊದಲ ಹೆರಿಗೆ ಎಂದರೆ ಕತ್ತರಿ, ಅಷ್ಟೇ. ಕೂಸಿನ ನೆತ್ತಿ ಕಾಣುತ್ತಲೇ ಹೆರಿಗೆ ದಾರಿಯ ಕೆಳಗಿನ ಭಾಗವನ್ನು ಒಂದಿಷ್ಟು ಕತ್ತರಿಸುವುದು, ಆಮೇಲೆ ಹೊಲಿಯುವುದು. ತಾನಾಗಿ ಹರಿಯುವುದಕ್ಕಿಂತ ನೆಟ್ಟಗೆ ಕತ್ತರಿಸುವುದು ಮೇಲು ಎಂದು ಹೇಳಿಕೊಟ್ಟಿದ್ದರು. ಯಾಕೆ ಎಂದು ನಾನು ಕೇಳಿದವಳಲ್ಲ. ಕೈ ಚುರುಕು ಎಂದು ಹೊಗಳಿಸಿಕೊಂಡು, ತಲೆಗೆ ಎರಡು ಕೋಡು ಮೂಡಿಸಿಕೊಂಡು ಬಂದಿದ್ದೆ.

ದೊಡ್ಡ ಬಾಯಾರು ಕತ್ತರಿಯನ್ನು ಕುದಿಸಿ, ಮುಚ್ಚಿ, ದೂರದ ಕಪಾಟಿನಲ್ಲಿ ಇಡುತ್ತಿದ್ದರು. ಅದು ಕೈಗೆ ಸಿಗುವಂತಿರಬೇಕಲ್ಲವೇ ಎಂದು ನಾನು ಕೇಳಿದ್ದೆ.

"ಬೇಕಾದ್ರ ನಾಕ ಹೆಜ್ಜಿ ಹೋಗಿ ತರೂದು. ಕೈಗೆ ಸಿಕ್ಕೈತಂತ ಹಚ್ಚೂದಲ್ಲ," ಎಂದರು.

ಕೂಸಿನ ಎದೆಬಡಿತ ಕುಗ್ಗಿದಾಗ ಅವರೂ ಆ ನಾಲ್ಕು ಹೆಜ್ಜೆ ಓಡಿದ್ದನ್ನು ಕಂಡಿದ್ದೇನೆ. ಉಳಿದಂತೆ ಅವರ ಆಯುಧ ಒಂದು ಪಾತ್ರೆ ಬಿಸಿನೀರು, ಕುದಿಸಿ ಮಡಚಿಟ್ಟ ಮೆತ್ತನೆಯ ಹತ್ತಿ ಬಟ್ಟೆಗಳು, ಮತ್ತು ತಾಳ್ಮೆ. ಹೆರುವವಳನ್ನು ಎಡಮಗ್ಗುಲಿಗೆ ಮಲಗಿಸಿ, ನೆತ್ತಿ ಕಾಣತೊಡಗಿದಾಗ ಕೆಳಗೆ ಬಿಸಿ ಬಟ್ಟೆ ಒತ್ತಿ ಹಿಡಿಯುತ್ತಿದ್ದರು. ಎಡಗೈ ಕೂಸಿನ ತಲೆಯ ಮೇಲಿರುತ್ತಿತ್ತು, ಅದು ದಬಕ್ಕನೆ ಬಾರದಂತೆ. ಆ ಹೊತ್ತಿಗೆ ಎಲ್ಲರೂ ಕೂಗುವುದು 'ಜೋರು, ಜೋರು' ಎಂದು. ಇವರು ಮಾತ್ರ ದನಿ ತಗ್ಗಿಸುತ್ತಿದ್ದರು.

"ಹಗೂರ ನಮ್ಮವ್ವ, ಹಗೂರ. ಈಗ ತಿಣಕಬ್ಯಾಡ. ಬಶಿಯೊಳಗ ಚಾ ಐತಿ, ಸುಡಾಕತ್ತೈತಿ. ಊದು. ಹಾಂ, ಊದು."

ಕಾಗವಾಡದ ಕಡೆಯ ಮರಾಠಿ ಹೆಣ್ಣುಮಗಳಾದರೆ "ಹಳೂ ಬಾಳಾ, ಹಳೂ" ಎನ್ನುತ್ತಿದ್ದರು, ಬಶಿ ಮಾತ್ರ ಅದೇ. ನಮ್ಮ ಕಡೆ ಚಹಾವನ್ನು ಕಪ್ಪಿನಿಂದ ಬಶಿಗೆ ಸುರಿದು ಊದಿ ಕುಡಿಯದ ಮನೆಯೇ ಇಲ್ಲ. ನೋವಿನಲ್ಲಿ ಕಣ್ಣು ಕತ್ತಲಿಟ್ಟ ಹುಡುಗಿಗೂ ಆ ಊದುವುದು ಮರೆಯುತ್ತಿರಲಿಲ್ಲ. ಊದುತ್ತಿದ್ದರೆ ತಿಣುಕಲಾಗುವುದಿಲ್ಲ, ಕೂಸು ನಿಧಾನ ಬರುತ್ತದೆ, ಮೈ ಹರಿಯದೆ ಹಿಗ್ಗಿಕೊಳ್ಳುತ್ತದೆ. ಇಷ್ಟೇ ವಿದ್ಯೆ. ನನಗೆ ಅದು ಹಳ್ಳಿ ಮುದುಕಿಯ ಆಟವಾಗಿ ಕಂಡಿತ್ತು.

ಒಂದು ದಿನ ಡಾಕ್ಟರರ ಕೋಣೆಯಲ್ಲಿ ಚಹಾ ಕುಡಿಯುತ್ತ ನಾನು ಬಶಿ ಎತ್ತಿ, ಕಣ್ಣು ಮುಚ್ಚಿ, ಅವರ ದನಿಯಲ್ಲೇ "ಊದು ನಮ್ಮವ್ವ" ಎಂದು ಊದಿ ತೋರಿಸಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ತಿರುಗಿ ನೋಡಿದರೆ ಬಾಗಿಲಲ್ಲಿ ಅವರೇ.

"ಇನ್ನೊಂದೀಟು ಉದ್ದ ಊದಬೇಕವಾ," ಎಂದಷ್ಟೇ ಹೇಳಿ ಹೋದರು.

ಲಗಮವ್ವ ಬಂದದ್ದು ಅದೇ ತಿಂಗಳು. ಅಲಖನೂರ ಕಡೆಯ ಕುರಿ ಸಾಕುವ ಮನೆಯ ಸೊಸೆ, ಚೊಚ್ಚಲ ಬಸುರಿ. ಬೆಳಿಗ್ಗೆಯಿಂದ ದೊಡ್ಡ ಬಾಯಾರು ಅವಳ ಜೊತೆಗಿದ್ದರು. ಡಾಕ್ಟರು ಮೀಟಿಂಗಿಗೆ ಹೋಗಿದ್ದರು. ಮಧ್ಯಾಹ್ನ ಎರಡಕ್ಕೆ ನನ್ನ ಪಾಳಿ ಮುಗಿಯುತ್ತಿತ್ತು, ಎರಡೂವರೆಗೆ ಚಿಕ್ಕೋಡಿ ಬಸ್ಸು. ಅಲ್ಲಿ ಗೆಳತಿಯ ಅರಿಶಿಣ. ಉಡುವ ಸೀರೆ ಚೀಲದಲ್ಲೇ ಇತ್ತು. ಬಟ್ಟೆ ಆರಿದವೆಂದು ದೊಡ್ಡ ಬಾಯಾರು ಬಿಸಿನೀರು ತರಲು ಪಕ್ಕದ ಕೋಣೆಗೆ ಹೋದರು. "ನೆತ್ತಿ ಕಂಡೈತಿ. ಊದಸ್ಕೋಂತ ಇರು, ಬಂದೆ," ಎಂದರು.

ನಾನು ಗಡಿಯಾರ ನೋಡಿದೆ. ನಾಲ್ಕು ಹೆಜ್ಜೆ ಹೋಗಿ ಕತ್ತರಿ ತಂದೆ.

ಲಗಮವ್ವ ನೋಡಿಬಿಟ್ಟಳು. "ಬ್ಯಾಡ್ರಿ ಬಾಯಾರ, ಊದಾಕತ್ತೀನ್ರಿ. ನೋಡ್ರಿ, ಊದಾಕತ್ತೀನಿ," ಎಂದಳು. ನಿಜವಾಗಿಯೂ ಊದುತ್ತಿದ್ದಳು, ತುಟಿ ಮುಂದೆ ಮಾಡಿ, ಮಗುವಿನ ಹಾಗೆ. ಕೂಸಿನ ಎದೆಬಡಿತ ಚೆನ್ನಾಗಿತ್ತು. ಕತ್ತರಿಸಲು ಬಸ್ಸಿನ ಹೊರತು ಬೇರೆ ಕಾರಣವಿರಲಿಲ್ಲ. ನಾನು ಕತ್ತರಿಸಿದೆ.

ಕೂಸು ಧಡಕ್ಕನೆ ಬಂತು. ನಾನು ಕತ್ತರಿಸಿದ್ದು ಅಲ್ಲಿಗೇ ನಿಲ್ಲದೆ ಇನ್ನೂ ಕೆಳಕ್ಕೆ ಹರಿಯಿತು. ದೊಡ್ಡ ಬಾಯಾರು ಪಾತ್ರೆ ಹಿಡಿದು ಒಳಗೆ ಬಂದಾಗ ಹಾಸಿಗೆಯ ತುಂಬ ರಕ್ತ. ಅವರು ಪಾತ್ರೆ ಕೆಳಗಿಟ್ಟು, ಅರಿವೆ ಒತ್ತಿ ರಕ್ತ ನಿಲ್ಲಿಸಿ, ಹೊಲಿಯಲು ಕುಳಿತರು. ತಲೆ ಎತ್ತದೆಯೇ, "ನೀ ಹೋಗು. ಬಸ್ಸ ತಪ್ಪೀತು," ಎಂದರು.

ನಾನು ಹೋದೆ. ಬಸ್ಸು ಸಿಕ್ಕಿತು ಎಂಬುದನ್ನೂ ಹೇಳಿಬಿಡುತ್ತೇನೆ.

ಹೋಗುವ ಮೊದಲು ಹೆರಿಗೆ ರಜಿಸ್ಟರ್ ಬರೆದೆ. ಯಾರೇ ಹೆರಿಗೆ ಮಾಡಿಸಲಿ, ಆ ಪಾಳಿಯ ಹಿರಿಯರ ಹೆಸರನ್ನೇ ಬರೆಯುವುದು ನಮ್ಮಲ್ಲಿ ರೂಢಿ. ಅದರಂತೆ ಅವರ ಹೆಸರು ಬರೆದೆ. ರೂಢಿ ಎಂಬುದು ಆವತ್ತು ನನಗೆ ಬಹಳ ಅನುಕೂಲಕ್ಕೆ ಬಂತು.

ಹತ್ತು ದಿನಕ್ಕೆ ಗಾಯ ಕೀವಾಗಿ ಹೊಲಿಗೆ ಬಿಚ್ಚಿಕೊಂಡಿತು. ಕೂತು ಕೂಸಿಗೆ ಹಾಲೂಡಿಸಲೂ ಆಗದೆ ಲಗಮವ್ವ ಮನೆಯಲ್ಲಿ ಮಲಗಿದ್ದಳು. ಅವಳ ಅತ್ತೆ ಆಸ್ಪತ್ರೆಗೆ ಬಂದು ಅಂಗಳದಲ್ಲೇ ಹಾರಾಡಿದಳು. "ಈ ಮುದುಕಿ ಕೈ ನಡಗತಾವ್ರಿ ಸಾಹೇಬ್ರ! ಸಣ್ಣ ಬಾಯಾರು ಮಾಡಿಸಿದ್ರ ನನ್ನ ಸೊಸಿಗೆ ಹಿಂಗ ಆಗ್ತಿರಲಿಲ್ಲ!"

ಡಾಕ್ಟರು ರಜಿಸ್ಟರ್ ತೆಗೆಸಿ ನೋಡಿದರು. ದೊಡ್ಡ ಬಾಯಾರನ್ನು ಕರೆದು, "ಏನ್ರಿ ಇದು?" ಎಂದರು. ಅವರು ನನ್ನ ಹೆಸರು ಎತ್ತಲಿಲ್ಲ. ನಾನು ಅವರ ಪಕ್ಕದಲ್ಲೇ ನಿಂತಿದ್ದೆ. 'ನಾನು' ಎಂಬ ಒಂದು ಮಾತು ಸಾಕಿತ್ತು, ನಾನು ಹೇಳಲಿಲ್ಲ. ನಿವೃತ್ತಿಗೆ ಎಂಟು ತಿಂಗಳಿದ್ದ ಅವರನ್ನು ಮರುದಿನದಿಂದಲೇ ಹೆರಿಗೆ ಕೋಣೆಯಿಂದ ತೆಗೆದು ಲಸಿಕೆಯ ಕೆಲಸಕ್ಕೆ ಹಾಕಿದರು. ಕೊನೆಯ ಎಂಟು ತಿಂಗಳು ಅವರು ಒಂದು ಕೂಸನ್ನೂ ಹಿಡಿಯಲಿಲ್ಲ. ಲಸಿಕೆಯ ಡಬ್ಬಿ ಹೊತ್ತು ಹೋದವರು ದಾರಿಯಲ್ಲಿ ಲಗಮವ್ವನ ಮನೆಗೆ ಹೋಗಿ, ಆ ಬೈಗುಳದ ಅತ್ತೆಯ ಎದುರಿಗೇ, ಗಾಯ ತೊಳೆದು ಬರುತ್ತಿದ್ದರು. ಗಾಯ ಮಾಯಲು ಎರಡು ತಿಂಗಳಾಯಿತು.

ಮೂರು ವರ್ಷದ ನಂತರ ಲಗಮವ್ವ ಎರಡನೇ ಹೆರಿಗೆಗೆ ಬಂದಳು. ನನ್ನನ್ನು ಕಂಡವಳೇ ಮೊಣಕಾಲು ಜೋಡಿಸಿಬಿಟ್ಟಳು. "ದೊಡ್ಡ ಬಾಯಾರನ್ನ ಕರಸ್ರಿ," ಎಂದಳು. ಅವರು ದಿಗ್ಗೇವಾಡಿಯ ತಮ್ಮ ಮನೆಯಿಂದ ಬಂದರು, ಹೆರುವವಳ ಜೊತೆಗಾತಿಯಾಗಿ ತಲೆದೆಸೆಗೆ ಕುಳಿತರು. ನಿವೃತ್ತರಾದವರು ಕೈ ಹಚ್ಚುವಂತಿಲ್ಲ. ಅವರು ಹೇಳಿದರು, ನಾನು ಮಾಡಿದೆ. ಬಟ್ಟೆ ಹಿಂಡಿ ನನ್ನ ಮುಂಗೈಗೆ ಒತ್ತಿ ನೋಡಿದೆ. ಒಂದು ಕೈ ಕೂಸಿನ ತಲೆಯ ಮೇಲೆ, ಒಂದು ಕೈ ಕೆಳಗೆ. ಲಗಮವ್ವ ಊದಿದಳು. ಹಳೆಯ ಗಾಯದ ಕಲೆಯ ಮೇಲೆಯೇ ಕೂಸು ಮೆಲ್ಲಗೆ ಜಾರಿ ಬಂತು, ಒಂದು ಗೆರೆಯೂ ಹರಿಯಲಿಲ್ಲ. ನನ್ನ ಕೆಲಸದಲ್ಲಿ ನಾನು ಅತ್ತದ್ದು ಅದೇ ಮೊದಲು.

ಆಮೇಲೆ ಇಬ್ಬರೇ ಚಹಾಕ್ಕೆ ಕುಳಿತೆವು. ಅವರು ಬಶಿಗೆ ಸುರಿದುಕೊಂಡು ಬಹಳ ಹೊತ್ತು ಊದಿದರು. ನಂತರ ನನ್ನ ಮುಖ ನೋಡಿ, "ಏನರ ಹೇಳೂದೈತೇನವಾ?" ಎಂದು ಕೇಳಿದರು.

"ಏನಿಲ್ರಿ," ಎಂದೆ.

ಅವರು ಚಹಾ ಕುಡಿದು ಎದ್ದರು.

ಹೋದ ವರ್ಷ ಅವರು ತೀರಿಕೊಂಡರು. ದಿಗ್ಗೇವಾಡಿಗೆ ಮಣ್ಣಿಗೆ ಹೋಗಿದ್ದೆ. ಅಂಗಳದಲ್ಲಿ ಹೆಂಗಸರ ನಡುವೆ ಲಗಮವ್ವ ಎರಡೂ ಮಕ್ಕಳೊಂದಿಗೆ ಕುಳಿತಿದ್ದಳು. ಎದ್ದು ಬಂದು ನನ್ನ ಪಕ್ಕದಲ್ಲಿ ನಿಂತಳು.

"ಆವತ್ತ ನಮ್ಮತ್ತಿಗೆ ಖರೇ ಹೇಳತೇನಂತ ಹೊಂಟಿದ್ದೆ ನಾ. ದೊಡ್ಡ ಬಾಯಾರಽ ಬ್ಯಾಡಂದ್ರು. 'ಆಕಿ ಇನ್ನ ಮೂವತ್ತ ವರ್ಷ ಹೆರಿಗಿ ಮಾಡಸಾಕಿ. ಈಗ ಹೆದರಿಸಿದ್ರ ಜಲ್ಮದಾಗ ಕತ್ತರಿ ಬಿಡೂದಿಲ್ಲ. ಸುಮ್ನಿರು, ತಾನಽ ಬಂದು ನನಗ ಹೇಳ್ತಾಳ,' ಅಂದಿದ್ರು." ನನ್ನ ಕಡೆ ತಿರುಗಿ ಕೇಳಿದಳು: "ಹೇಳಿದ್ರಲ್ರಿ, ಬಾಯಾರ?"

ನಾನು ತಲೆ ತಗ್ಗಿಸಿದೆ. ಅವಳು ಮಕ್ಕಳ ಬಳಿಗೆ ಹೋದಳು.

ಈಗ ನಾನೇ ದೊಡ್ಡ ಬಾಯಾರು. ಕತ್ತರಿ ದೂರದ ಕಪಾಟಿನಲ್ಲಿರುತ್ತದೆ. ಹೊಸ ಹುಡುಗಿಯರು ನನ್ನ ಬೆನ್ನ ಹಿಂದೆ ಬಶಿ ಎತ್ತಿ ಊದಿ ನಗುತ್ತಾರೆ, ನಗಲಿ. ರಜಿಸ್ಟರಿನಲ್ಲಿ ಹೆರಿಗೆ ಮಾಡಿಸಿದವರ ಹೆಸರನ್ನೇ ಬರೆಸುತ್ತೇನೆ. ಆದರೆ ಆ ಹಳೆಯ ಪುಟದಲ್ಲಿ, ನನ್ನ ಕೈಬರಹದಲ್ಲಿ, ಇಂದಿಗೂ ಅವರ ಹೆಸರೇ ಇದೆ. ಅವರು ಕೇಳಿದಾಗ ಹೇಳದೆ ಉಳಿದದ್ದನ್ನು ಕೇಳುವವರಿಲ್ಲದ ಈ ಹೊತ್ತಿನಲ್ಲಿ ಹೇಳುತ್ತಿದ್ದೇನೆ: ಬಾಯಾರ, ಅವತ್ತು ಲಗಮವ್ವನಿಗೆ ಕತ್ತರಿ ಹಚ್ಚಿದವಳು ನಾನು.