ಗ್ರೆಗರಿ ಮಾಸ್ಟರರು ಬರುವುದು ನಿಂತ ಕಾರಣ

ಮಮ್ಮಿ, ಗ್ರೆಗರಿ ಮಾಸ್ಟರರು ನಮ್ಮ ಕುಲಶೇಖರದ ಮನೆಗೆ ಬರುವುದನ್ನು ತಾವಾಗಿ ನಿಲ್ಲಿಸಿದ್ದಲ್ಲ. ನಾನು ನಿಲ್ಲಿಸಿದ್ದು. ನೀನು ತೀರಿಕೊಂಡು ಒಂಬತ್ತು ವರ್ಷವಾದ ಮೇಲೆ ಇದನ್ನು ಬರೆಯುತ್ತಿದ್ದೇನೆ — ನೀನು ಓದುವುದಿಲ್ಲ ಎಂಬ ಧೈರ್ಯದಿಂದಲೇ ಇರಬೇಕು.

ಆಗ ನಿನಗೆ ಅರವತ್ತೆರಡು. ಪಪ್ಪ ಹೋಗಿ ಏಳು ವರ್ಷವಾಗಿತ್ತು. ನೀನು ಇಗರ್ಜಿಯ ಗಾಯನ ತಂಡ ಸೇರಿದ್ದೆ. ಅಲ್ಲಿ ಕೀಬೋರ್ಡ್ ನುಡಿಸುತ್ತಿದ್ದವರು ಗ್ರೆಗರಿ ಮಾಸ್ಟರರು. ನಿವೃತ್ತ ಶಿಕ್ಷಕರು, ಹೆಂಡತಿಯನ್ನು ಕಳೆದುಕೊಂಡವರು. ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ನಿನ್ನ ಜೊತೆ ಮನೆಯವರೆಗೆ ಬಂದು ಚಹಾ ಕುಡಿಯುತ್ತಿದ್ದರು. ಸ್ವರ ತಪ್ಪಿದ್ದನ್ನು ನೆನೆದು ಇಬ್ಬರೂ ನಗುತ್ತಿದ್ದಿರಿ. ಪಪ್ಪ ಇದ್ದಾಗಲೂ ನೀನು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ.

ಒಂದು ಬೆಳಿಗ್ಗೆ ಬಂಗುಡೆ ಮೀನು ಶುಚಿ ಮಾಡುತ್ತಾ, ನನ್ನ ಮುಖ ನೋಡದೆ ಹೇಳಿದೆ: "ಲವೀನಾ, ಮದುವೆ ಆಗುವ ಅಂತ ಹೇಳ್ತಿದ್ದಾರೆ ಗ್ರೆಗರಿ. ನನಗೂ ಮನಸ್ಸುಂಟು. ನೀನೆಂತ ಹೇಳ್ತಿ?"

"ನೋಡುವ" ಎಂದೆ.

ಕೊಡಿಯಾಲ್‌ಬೈಲಿನ ಕಾಲೇಜೊಂದರಲ್ಲಿ ನಾನು ಮನಃಶಾಸ್ತ್ರ ಕಲಿಸುತ್ತಿದ್ದೆ. ಮನಸ್ಸಿನ ಬೆಳವಣಿಗೆ ಯೌವನಕ್ಕೆ ಮುಗಿಯುವುದಿಲ್ಲ, ಮುಪ್ಪಿನಲ್ಲೂ ಹೊಸ ನಂಟು ಬಯಸುವುದು ಸಹಜ ಎಂದು ಪ್ರತಿ ವರ್ಷ ಮಕ್ಕಳಿಗೆ ನೋಟ್ಸ್ ಬರೆಸಿದವಳು. ಮನೆಯಲ್ಲಿ ಮಾತ್ರ ನೀನು — ನನ್ನ ತಾಯಿ, ಅಷ್ಟೇ. ಜನ ಏನೆಂದಾರು ಎಂದು ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು. ಮದುವೆಯಾಗದೆ ನಲವತ್ತು ಕಳೆದಿದ್ದ ನನಗೆ, ನೀನೂ ಹೋದರೆ...

ಮರುದಿನ ಕ್ಲಾಸು ಮುಗಿಸಿ ಕೊಟ್ಟಾರದ ಅವರ ಫ್ಲಾಟಿಗೆ ಹೋದೆ.

"ಮಾಸ್ಟ್ರೇ, ಮಮ್ಮಿಗೆ ಇದು ಇಷ್ಟ ಇಲ್ಲ. ನಿಮ್ಮ ಎದುರು ಹೇಳ್ಲಿಕ್ಕೆ ಅವರಿಗೆ ಸಂಕೋಚ. ಇನ್ನು ನೀವು ಮನೆಗೆ ಬರುವುದು ಬೇಡ."

ಅವರು ನಂಬಿದರು. ಗಾಯನ ತಂಡವನ್ನೂ ಬಿಟ್ಟರು.

ಕೆಲವು ಭಾನುವಾರ ನೀನು ಗೇಟಿನ ಹತ್ತಿರ ನಿಂತು ಕಾದೆ. ಆಮೇಲೆ ಒಮ್ಮೆ ಕೇಳಿದೆ: "ನಾನೆಂತಾದ್ರೂ ತಪ್ಪು ಮಾತಾಡಿದೆನಾ?" ನಾನು ಗೊತ್ತಿಲ್ಲ ಎಂದೆ. ನೀನು ಹಾಡುವುದನ್ನು ಬಿಟ್ಟೆ. ನಿನ್ನನ್ನು ನನ್ನ ಬಳಿಯೇ ಉಳಿಸಿಕೊಂಡೆ — ಆದರೆ ಉಳಿದವಳು ಊಟಕ್ಕೆ ಕರೆದರೆ ಬಂದು ಕೂರುವ, ಕೇಳಿದ್ದಕ್ಕಷ್ಟೇ ಉತ್ತರಿಸುವ ಒಬ್ಬಳು.

ಈಗ ನನಗೂ ಅರವತ್ತು ದಾಟಿದೆ. ಕರೆಂಟು ಮೀಟರು ನೋಡಲು ಬಂದವನನ್ನೂ ಏನಾದರೊಂದು ಕೇಳಿ ಎರಡು ನಿಮಿಷ ನಿಲ್ಲಿಸಿಕೊಳ್ಳುತ್ತೇನೆ. ಪಾಠ ಹೇಳಿದ ಅಷ್ಟು ವರ್ಷವೂ ನಿನಗೆ ಬೇಕಾಗಿದ್ದದ್ದು ಏನೆಂದು ನನಗೆ ತಿಳಿದಿರಲಿಲ್ಲ.

ಹೋದ ವಾರ ಮತ್ತೆ ಕೊಟ್ಟಾರಕ್ಕೆ ಹೋದೆ. ಅವರಿಗೀಗ ಎಂಬತ್ತನಾಲ್ಕು. ಸೊಸೆ ಕುರ್ಚಿ ತೋರಿಸಿ ಅಡುಗೆಮನೆಗೆ ಹೋದಳು. ನಾನು ಎಲ್ಲವನ್ನೂ ಹೇಳಿದೆ.

"ಸಿಸಿಲಿಯಾಗೆ ನಾನು ಬೇಡ ಅಂತ ಇರ್ಲಿಲ್ಲವಾ?" ನಿನ್ನ ಹೆಸರೆತ್ತಿ ಕೇಳಿದರು.

"ಇರ್ಲಿಲ್ಲ ಮಾಸ್ಟ್ರೇ."

"ಹಾಗಾದ್ರೆ, ನಾನೇ ಬಿಟ್ಟುಹೋದದ್ದು ಅಂತ ಎಣಿಸಿಯೇ ಅವಳು ತೀರಿಕೊಂಡದ್ದಾ?"

ಹೌದು ಎಂದೆ.

ಅವರು ಬೈಯಲಿಲ್ಲ. ಎದ್ದು, ಗೋಡೆ ಹಿಡಿದುಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಕ್ಷಮೆ ಕೇಳಲು ಹೋದವಳಲ್ಲ ನಾನು — ಆದರೂ ಆ ಬಾಗಿಲು ತೆರೆಯಬಹುದೇನೋ ಎಂದು ಬಹಳ ಹೊತ್ತು ಕೂತೇ ಇದ್ದೆ, ಮಮ್ಮಿ.