ಬಂಗಾಲಿ ಕ್ಯಾಂಪಿಗೆ ಬಾಡಿಗೆ ಹೋದದ್ದು

ತಂಗಿಯ ಮದುವೆಯಾದ ಮೇಲೆ ಐದು ನಾಗರ ಪಂಚಮಿ ಕಳೆದವು. ಒಮ್ಮೆಯೂ ನಾನು ಅವಳನ್ನು ತವರಿಗೆ ಕರೆತರಲಿಲ್ಲ. ಪ್ರತಿ ಸಲ ಅವ್ವ ಉಂಡಿ ಕಟ್ಟಿ, "ರೇಣುಕಾನ್ನ ಕರಕೊಂಡು ಬಾ" ಎಂದು ಕಳಿಸುತ್ತಿದ್ದಳು. ನಾನು ದಾರಿಯಲ್ಲಿನ ಕಾರಟಗಿವರೆಗೆ ಹೋಗಿ, ಉಂಡಿಯನ್ನು ಚಹಾದಂಗಡಿಯವನಿಗೆ ಕೊಟ್ಟು ತಿರುಗಿ ಬರುತ್ತಿದ್ದೆ. ಅವ್ವನಿಗೆ, "ಬರೂದಿಲ್ಲ ಅಂದ್ಲು" ಎಂದು ಹೇಳುತ್ತಿದ್ದೆ. ರೇಣುಕಾ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ದುಡಿಯುವಾಗ ನಿರಾಶ್ರಿತರ ಕ್ಯಾಂಪಿನ ಬಂಗಾಲಿ ಹುಡುಗನನ್ನು ಮೆಚ್ಚಿ ಮದುವೆಯಾಗಿದ್ದಳು. ಆ ಮನೆಗೆ ಹೋದರೆ ಜನ ಏನೆಂದಾರು ಎಂದು ನಾನು ಅಂಜಿದೆ. ಅವ್ವನ ಹತ್ತಿರ ಫೋನಿಲ್ಲ. ತಂಗಿ ನನಗೆ ಮಾಡಿದರೆ ನಾನು ಎತ್ತುತ್ತಿರಲಿಲ್ಲ.

ಕಳೆದ ತಿಂಗಳು ಕೊಪ್ಪಳದ ಚರ್ಚಿನವರು ಸಿಂಧನೂರ ಕಡೆ ಹೋಗಬೇಕೆಂದು ನನ್ನ ಕ್ರೂಸರ್ ಗಾಡಿ ಬಾಡಿಗೆಗೆ ಗೊತ್ತು ಮಾಡಿದರು. ಬೆಳಿಗ್ಗೆ ಏಳಕ್ಕೆ ಹತ್ತು ಮಂದಿ ಹತ್ತಿದರು. ಗಾಡಿಯ ಮೇಲೆ ಮಕ್ಕಳಿಗೆಂದು ನೋಟ್‌ಬುಕ್ಕಿನ ಪೆಟ್ಟಿಗೆಗಳು. ಗಂಗಾವತಿಯಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿನ್ನುವಾಗ ಅವರೊಳಗಿನ ಪಾಸ್ಟರಮ್ಮ ಕ್ಯಾಂಪಿನ ಹೆಸರು ಹೇಳಿದರು. ರೇಣುಕಾ ಇರುವ ಕ್ಯಾಂಪು ಅದೇ. ಮಿರ್ಚಿ ಅರ್ಧಕ್ಕೇ ಬಿಟ್ಟೆ. ಬಾಡಿಗೆ ಒಪ್ಪಿಯಾಗಿತ್ತು.

ಮೋಡವಿತ್ತು, ಮಳೆ ಇರಲಿಲ್ಲ. ಕಾರಟಗಿ ದಾಟಿದ ಮೇಲೆ ಎರಡೂ ಕಡೆ ಹೊಸದಾಗಿ ನಾಟಿ ಮಾಡಿದ ಭತ್ತ. ಹತ್ತೂವರೆಗೆ ಮುಟ್ಟಿದೆವು. ತಗಡಿನ ಮನೆಗಳು, ಹಿತ್ತಲಲ್ಲಿ ಮೀನಿನ ಹೊಂಡ. ಮಕ್ಕಳನ್ನು ಬೇವಿನ ಗಿಡದ ಕೆಳಗೆ ಕೂಡಿಸಿ ಪಾಸ್ಟರಮ್ಮ, "ನಿಮ್ಮ ಊರು ಯಾವುದು?" ಎಂದು ಕೇಳಿದರು.

"ಇದ ರೀ, ಮತ್ಯಾವ್ದು?" ಎಂದಳು ಒಬ್ಬ ಹುಡುಗಿ. ಎಲ್ಲರೂ ನಕ್ಕರು. ಅವರ ಅಜ್ಜಂದಿರು ಗಡಿ ದಾಟಿ ಬಂದವರು, ಇವರು ಇಲ್ಲೇ ಹುಟ್ಟಿದವರು.

ಹಾಡು, ಆಟ ಮಧ್ಯಾಹ್ನದವರೆಗೆ ನಡೆದವು. ನಾನು ಗಾಡಿ ಬಿಟ್ಟು ಇಳಿಯಲಿಲ್ಲ. ನಾಲ್ಕು ವರ್ಷದ ಒಂದು ಕೂಸು ಬಂದು, "ಕಾಕಾ, ಊಟಕ್ಕ ಬರ್ಬೇಕಂತ" ಎಂದಿತು.

"ಕಾಕಾ ಅಲ್ಲವಾ, ಮಾಮಾ ಅನ್ನು," ಎಂದಳು ಅದರ ಹಿಂದೆ ಸೌಟು ಹಿಡಿದು ನಿಂತಿದ್ದ ರೇಣುಕಾ. ನನ್ನ ಕಡೆ ತಿರುಗಿ, "ಬಾಡಿಗಿ ಸಿಕ್ಕಿದ್ದಕ್ಕ ಬಂದಿ, ಹೌದಲ್ಲೊ ಅಣ್ಣಾ? ಇಲ್ಲಂದ್ರ ನಿನ್ನ ಗಾಡಿ ಈ ಕಡೆ ಹಾಯ್ತಿದ್ದಿಲ್ಲ."

ನಾನು ಗಾಡಿಯಿಂದ ಇಳಿದು ಅವಳ ಹಿಂದೆ ನಡೆದೆ. ಮನೆಯೊಳಗೆ ಅವಳ ಗಂಡ ಚಾಪೆ ಹಾಸಿ, ಕೈಗೆ ನೀರು ಕೊಟ್ಟ. ಅನ್ನ, ಸಾಸಿವೆ ಅರೆದು ಮಾಡಿದ ಮೀನಿನ ಸಾರು ಬಡಿಸುತ್ತ ರೇಣುಕಾ ಕೇಳಿದಳು: "ಅವ್ವ ಹೆಂಗದಾಳ? ಮಗಳು ಸತ್ತಾಳಂತ ತಿಳಕೊಂಡಾಳೇನು? ಒಂದು ಪಂಚಮಿಗೂ ಕರೀಲಿಲ್ಲ."

"ಮೊಣಕಾಲು ಬ್ಯಾನಿ," ಎಂದೆ. ಅವಳು ಸೌಟು ಕೆಳಗಿಡಲಿಲ್ಲ, ಕಾಯುತ್ತಲೇ ನಿಂತಳು.

ಹೊರಗಿನಿಂದ ಪಾಸ್ಟರಮ್ಮ ಕರೆದರು: "ಡ್ರೈವರಣ್ಣಾ, ಹೊರಡೂಣೇನ್ರಿ?"

"ಐದು ನಿಮಿಷ ತಡೀರಿ," ಎಂದೆ. ತಟ್ಟೆ ಸರಿಸಿದೆ.

"ಅವ್ವ ಐದೂ ವರ್ಷ ಉಂಡಿ ಕಟ್ಟಿ ನನ್ನ ಕಳಿಸ್ಯಾಳ, ರೇಣುಕಾ. ನಾನ ಕಾರಟಗಿಂದ ಹೊಳ್ಳಿ ಹೋಗಿ, ನೀ ಬರೂದಿಲ್ಲ ಅಂದಿ ಅಂತ ಸುಳ್ಳು ಹೇಳೀನಿ. ಅವ್ವನ ಮ್ಯಾಲ ಸಿಟ್ಟಾಗಬ್ಯಾಡ. ನಂದು ತಪ್ಪಾತವಾ."