ಹಾಡಿನ ನಡುವೆ ಬಂದ ಸೊಲ್ಲು

ನನ್ನ ಹೆಂಡತಿಯ ದನಿ ಎಲ್ಲೂ ಉಳಿದಿಲ್ಲ ಎಂಬುದು ಅವಳು ತೀರಿಕೊಂಡ ಮೇಲೆ ಗೊತ್ತಾಯಿತು. ಮೊಬೈಲಿನಲ್ಲಿ ಒಂದೆರಡು ವಿಡಿಯೊ ಇವೆ. ಅವುಗಳಲ್ಲಿ ಸೆರಗು ಅಡ್ಡ ಹಿಡಿದು ನಗುತ್ತಾಳೆ, ಮಾತಾಡುವುದಿಲ್ಲ. ಇದ್ದರೆ ಒಂದೇ ಒಂದು ಕಡೆ ಇರಬೇಕಿತ್ತು. ಅದನ್ನೂ ತೆಗೆದುಹಾಕುತ್ತೇವೆ ಎಂದದ್ದನ್ನು ನಾನೇ ಕೇಳಿಸಿಕೊಂಡಿದ್ದೆ.

ಹೋದ ವರ್ಷ ತುಮಕೂರಿನಲ್ಲಿ ಹಾಡುಗಾರ್ತಿಯೊಬ್ಬಳ ಕಾರ್ಯಕ್ರಮವಿತ್ತು. ಜಾಝ್ ಹಾಡುವ ಹುಡುಗಿ. ನಮ್ಮ ಕಡೆಯ ಪದಗಳನ್ನೂ ಗಿಟಾರು, ಸ್ಯಾಕ್ಸೊಫೋನ್ ಜೊತೆ ತನ್ನದೇ ರೀತಿಯಲ್ಲಿ ಹಾಡುತ್ತಾಳೆ. ಕುಣಿಗಲ್ಲಿನಲ್ಲಿ ಟೀಚರಾಗಿರುವ ನಾದಿನಿ ನಮ್ಮಿಬ್ಬರಿಗೂ ಪಾಸ್ ಕೊಡಿಸಿದ್ದಳು. ನಾನು ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಸಿ ಯೂನಿಫಾರ್ಮಿನಲ್ಲೇ ಹೋದೆ. ಶುರುವಾಗುವ ಮೊದಲು ಒಬ್ಬರು ಬಂದು, ಇದು ಲೈವ್ ರೆಕಾರ್ಡಿಂಗ್, ಹಾಡಿನ ನಡುವೆ ದಯವಿಟ್ಟು ಯಾರೂ ಸದ್ದು ಮಾಡಬೇಡಿ ಎಂದು ಕೇಳಿಕೊಂಡರು.

ನಾಲ್ಕನೆಯದು ಸೋಬಾನೆ ಪದ. ಕೊತ್ತಗೆರೆಯಲ್ಲಿ ಬೆಳೆದ ನನ್ನ ಹೆಂಡತಿಗೆ ಅದು ಸುಮ್ಮನೆ ಕೂತು ಕೇಳುವ ಹಾಡಲ್ಲ. ಒಬ್ಬರು ಸಾಲು ಹೇಳಿದರೆ ಸುತ್ತ ಇದ್ದವರು ‘ಸೋಬಾನವೇ’ ಎನ್ನಬೇಕು. ಎನ್ನದಿದ್ದರೆ, ಬಾಯ್ತುಂಬ ಎಲೆಅಡಿಕೆ ಇಟ್ಕೊಂಡಿದ್ದೀರೇನ್ರವ್ವಾ ಎಂದು ಮದುವೆಮನೆಯಲ್ಲಿ ಹಾಡುವವರೇ ಚುಚ್ಚುತ್ತಾರೆ. ಆ ಹುಡುಗಿ ಮೊದಲ ಸಾಲು ಹಾಡಿ, ವಾದ್ಯಗಳನ್ನೂ ನಿಲ್ಲಿಸಿ, ಉಸಿರು ತೆಗೆದುಕೊಂಡಳು. ಆಗ ನನ್ನ ಪಕ್ಕದಿಂದ ತುಂಬಿದ ದನಿಯಲ್ಲಿ ‘ಸೋಬಾನವೇ’ ಬಂತು.

ನಾನು ‘ಶ್’ ಎಂದು ಅವಳ ಕೈ ಹಿಡಿದು ಅದುಮಿದೆ.

ಹುಡುಗಿ ಕಣ್ಣು ತೆರೆದು ನಮ್ಮ ಕಡೆ ನೋಡಿ ನಕ್ಕಳು, ಮುಂದೆ ಹಾಡಿದಳು. ನನ್ನವಳು ಮತ್ತೆ ಬಾಯಿ ಬಿಡಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ತಾನೇ ರೆಕಾರ್ಡಿಂಗಿನವರ ಹತ್ತಿರ ಹೋಗಿ ತಪ್ಪಾಯಿತು ಎಂದಳು. ಪರವಾಗಿಲ್ಲಮ್ಮ, ಆಮೇಲೆ ತೆಗೆದುಹಾಕುತ್ತೇವೆ ಎಂದು ಅವರು ಸಮಾಧಾನ ಹೇಳಿದರು. ಗುಬ್ಬಿಗೆ ಬರುವ ಬಸ್ಸಿನಲ್ಲಿ ಅವಳು ಆಡಿದ್ದು ಒಂದೇ ಮಾತು.

‘ಅವ್ಳು ನಿಲ್ಸಿದ್ಲು ಕಣ್ರೀ. ನಿಲ್ಸಿದ್ರೆ ಅನ್ಬೇಕಲ್ವಾ?’

ಐದು ತಿಂಗಳಿಗೆ ಅವಳು ಹೋದಳು. ಜ್ವರ ಎಂದು ಆಸ್ಪತ್ರೆಗೆ ಸೇರಿಸಿದ್ದೆವು, ವಾಪಸು ಬರಲಿಲ್ಲ. ಅದನ್ನು ಇನ್ನೂ ಬರೆಯಲಾರೆ.

ರೆಕಾರ್ಡಿಂಗ್ ಬಿಡುಗಡೆಯಾಯಿತು ಎಂದು ತಿಳಿದಾಗ ಕೇಳಲು ಧೈರ್ಯ ಬರಲಿಲ್ಲ. ಕೇಳದೆ ಇರುವಷ್ಟು ದಿನ ಅವಳು ಅದರಲ್ಲಿದ್ದಾಳೆ ಎಂದುಕೊಳ್ಳಬಹುದಿತ್ತು. ವಾರದ ಮೇಲೆ ನಾದಿನಿ ಫೋನ್ ಮಾಡಿದಳು. ಹಲೋ ಕೂಡ ಎನ್ನಲಿಲ್ಲ.

‘ಅಕ್ಕ ಅವ್ಳೆ ಭಾವ. ತೆಗ್ದಿಲ್ಲ.’

ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಕೇಳಿದೆ. ಇದ್ದಳು. ನನ್ನ ‘ಶ್’ ಕೂಡ ಇತ್ತು. ಅದನ್ನಾದರೂ ತೆಗೆಯಬಾರದಿತ್ತೇ ಎಂದು ನಾದಿನಿಯ ಹತ್ತಿರ ಹೇಳಿಕೊಂಡೆ. ಇರ್ಲಿ ಬುಡಿ ಭಾವ, ನೀವೂ ಹಾಡ್ದಂಗಾಯ್ತು ಎಂದಳು. ತುಂಬ ದಿನಗಳ ಮೇಲೆ ಇಬ್ಬರೂ ನಕ್ಕೆವು.

ಆ ಹುಡುಗಿ ಅದನ್ನು ಯಾಕೆ ಉಳಿಸಿಕೊಂಡಳೋ ತಿಳಿಯದು. ನಮ್ಮ ಮನೆಯಲ್ಲಾದದ್ದು ಅವಳಿಗೆ ಗೊತ್ತಿರಲು ಸಾಧ್ಯವಿಲ್ಲ. ಹೆಸರೂ ಗೊತ್ತಿಲ್ಲದ ಹೆಂಗಸಿನ ದನಿಗೆ ತನ್ನ ಹಾಡಿನಲ್ಲಿ ಜಾಗ ಕೊಟ್ಟಳು. ಅವಳ ಹೊಟ್ಟೆ ತಣ್ಣಗಿರಲಿ.

ಎರಡನೆಯ ಸಾಲಿನ ಕೊನೆಯಲ್ಲೂ ಅವಳು ನಿಲ್ಲಿಸುತ್ತಾಳೆ. ಅಲ್ಲಿ ಯಾರೂ ಏನೂ ಅನ್ನುವುದಿಲ್ಲ. ಕಂಪನಿ ಬಸ್ಸಿನಲ್ಲಿ ಕೇಳುವಾಗ ಆ ಜಾಗ ಬಂದರೆ ಈಗ ನಾನೇ ‘ಸೋಬಾನವೇ’ ಎನ್ನುತ್ತೇನೆ. ಪಕ್ಕದ ಸೀಟಿನವರು ತಿರುಗಿ ನೋಡುತ್ತಾರೆ.